ಸಿಇಟಿ ಮೊದಲಾ, ಜೆಇಇ ಮೊದಲಾ? ಪಿಯುಸಿ ಮಕ್ಕಳಿಗೆ ಒಂದು ಹೋಲಿಕೆ

ಸೆಕೆಂಡ್ ಪಿಯು ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ದಸರಾ ರಜೆ ಮುಗಿಯುವ ಹೊತ್ತಿಗೆ ಒಂದು ಚರ್ಚೆ ಶುರುವಾಗುತ್ತದೆ. ಜೆಇಇ ಬರೆಯಬೇಕಾ? ಸಿಇಟಿ ಒಂದೇ ಸಾಕಾ? ಕಾಮೆಡ್-ಕೆಗೂ ಅರ್ಜಿ ಹಾಕಿಬಿಡೋಣವಾ? ಮೂರೂ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆಗಳು: ಜೆಇಇ ದೇಶಮಟ್ಟದ್ದು, ಸಿಇಟಿ ಕರ್ನಾಟಕ ಸರ್ಕಾರದ್ದು, ಕಾಮೆಡ್-ಕೆ ರಾಜ್ಯದ ಖಾಸಗಿ ಕಾಲೇಜುಗಳದ್ದು. ಅರ್ಜಿ ಎಷ್ಟಕ್ಕೆ ಬೇಕಾದರೂ ಹಾಕಬಹುದು. ಎಲ್ಲವನ್ನೂ ಬರೆಯಲೂಬಹುದು. ಆದರೆ ಎಲ್ಲಕ್ಕೂ ಒಂದೇ ಸಮ ತಯಾರಿ ಮಾಡಲು ಆಗುವುದಿಲ್ಲ. ದಿನಕ್ಕಿರುವುದು ಅಷ್ಟೇ ಗಂಟೆ. ಅದರಲ್ಲಿ ಕಾಲೇಜು, ಪ್ರಾಕ್ಟಿಕಲ್, ಪ್ರಿಪರೇಟರಿ ಎಲ್ಲ ಬೇರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾವುದು ಬರೆಯಬೇಕು ಎಂಬುದಲ್ಲ. ಯಾವುದನ್ನು ಮುಂದಿಟ್ಟುಕೊಂಡು ಓದಬೇಕು, ಆ ಆಯ್ಕೆಯನ್ನು ಯಾವ ತಿಂಗಳಲ್ಲಿ ಬದಲಿಸಬೇಕು ಎಂಬುದು. ಒಂದು ಪರೀಕ್ಷೆ ಮುಂದೆ, ಉಳಿದವು ಅದರ ಹಿಂದೆ. ಹೀಗೆ ಸಾಲು ಹಚ್ಚಿಕೊಳ್ಳದ ಮಕ್ಕಳೇ ಏಪ್ರಿಲ್‌ನಲ್ಲಿ ಜಾಸ್ತಿ ಒದ್ದಾಡುತ್ತಾರೆ.

ಮೊದಲು ಗಡಿಯಾರ ನೋಡಿ

ಮೂರೂ ಪರೀಕ್ಷೆಗಳಲ್ಲಿ ಅದೇ ಫಿಸಿಕ್ಸ್, ಅದೇ ಕೆಮಿಸ್ಟ್ರಿ, ಅದೇ ಮ್ಯಾಥ್ಸ್. ಆದರೆ ಒಂದೊಂದು ಪ್ರಶ್ನೆಗೆ ಸಿಗುವ ಸಮಯ ಬೇರೆ ಬೇರೆ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ಅದರೊಳಗೇ ಓಎಂಆರ್ ಹಾಳೆಯಲ್ಲಿ ಗೋಲ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡು ದಿನ ನಡೆಯುತ್ತದೆ, ದಿನಕ್ಕೆ ಎರಡು ಪೇಪರ್.

ಕಾಮೆಡ್-ಕೆಯಲ್ಲಿ ಮೂರು ವಿಷಯ ಸೇರಿ 180 ಪ್ರಶ್ನೆ, ಮೂರು ಗಂಟೆ. ಪ್ರಶ್ನೆಗೆ ಸರಿಯಾಗಿ ಒಂದು ನಿಮಿಷ. ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು. ಇಲ್ಲೂ ನೆಗೆಟಿವ್ ಇಲ್ಲ.

ಜೆಇಇ ಮೇನ್‌ನಲ್ಲಿ 75 ಪ್ರಶ್ನೆ, ಮೂರು ಗಂಟೆ, 300 ಅಂಕ. ಪ್ರಶ್ನೆಗೆ 144 ಸೆಕೆಂಡ್. ಸರಿಗೆ 4, ತಪ್ಪಿಗೆ ಮೈನಸ್ 1. ಪ್ರತಿ ವಿಷಯದಲ್ಲಿ 20 ಬಹು ಆಯ್ಕೆಯ ಪ್ರಶ್ನೆ, 5 ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆ. 2021ರಿಂದ 2024ರವರೆಗೆ ಆ ಭಾಗದಲ್ಲಿ ಹತ್ತರಲ್ಲಿ ಐದು ಆರಿಸಿಕೊಳ್ಳುವ ಅವಕಾಶ ಇತ್ತು. 2025ರಲ್ಲಿ ಅದನ್ನು ತೆಗೆದರು. ಹಳೆಯ ಪೇಪರ್ ಇಟ್ಟುಕೊಂಡು ಅಭ್ಯಾಸ ಮಾಡುವಾಗ ಇದು ನೆನಪಿರಲಿ. ಇಲ್ಲದಿದ್ದರೆ ನಿಮ್ಮ ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇಷ್ಟು ನೋಡಿದರೇ ಗೊತ್ತಾಗುತ್ತದೆ. ಜೆಇಇ ಕೇಳುವುದು ಎರಡು ಮೂರು ಹೆಜ್ಜೆಯ ಯೋಚನೆ. ಸಿಇಟಿ ಕೇಳುವುದು ತಡವರಿಸದ ಕೈ. ಕಾಮೆಡ್-ಕೆ ಇನ್ನೂ ಸ್ವಲ್ಪ ಅವಸರದ್ದು.

"ಜೆಇಇ ಓದಿದರೆ ಸಿಇಟಿ ತಾನಾಗಿ ಬರುತ್ತೆ"

ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಜೆಇಇಗೆಂದು ರೊಟೇಶನಲ್ ಮೋಷನ್ ಅಥವಾ ಇಂಟೆಗ್ರೇಷನ್ ಸರಿಯಾಗಿ ಕಲಿತವರಿಗೆ ಸಿಇಟಿಯ ಪ್ರಶ್ನೆ ಅರ್ಥವಾಗದೇ ಹೋಗುವುದಿಲ್ಲ. ಇನ್ನರ್ಧದ ಕಥೆ ಬೇರೆ. ಪ್ರತಿ ಲೆಕ್ಕವನ್ನೂ ಬುಡದಿಂದ ಬಿಡಿಸುವ ಅಭ್ಯಾಸ ಆಗಿಬಿಟ್ಟವರು 80 ಸೆಕೆಂಡಿನ ಪೇಪರಿನಲ್ಲಿ ನಲವತ್ತನೇ ಪ್ರಶ್ನೆಗೇ ಸಮಯ ಮುಗಿಸಿಕೊಳ್ಳುತ್ತಾರೆ. ಕೆಮಿಸ್ಟ್ರಿಯಲ್ಲಿ ಇನ್ನೊಂದು ತೊಂದರೆ ಇದೆ. ಸಿಇಟಿ ಎನ್‌ಸಿಇಆರ್‌ಟಿ ಪುಸ್ತಕದ ಒಂದು ಸಾಲನ್ನೇ ನೇರವಾಗಿ ಕೇಳಬಹುದು. ಜೆಇಇ ಪ್ರಾಬ್ಲಂಗಳಲ್ಲಿ ಮುಳುಗಿದವರು ಆ ಸಾಲನ್ನು ಓದಿಯೇ ಇರುವುದಿಲ್ಲ.

ಉಲ್ಟಾ ದಾರಿ ಮಾತ್ರ ಕೆಲಸ ಮಾಡುವುದಿಲ್ಲ. ಸಿಇಟಿಗೆ ಮಾತ್ರ ಓದಿ ಜೆಇಇಯಲ್ಲಿ ಒಳ್ಳೆಯ ಪರ್ಸೆಂಟೈಲ್ (ಬರೆದವರಲ್ಲಿ ಶೇ ಎಷ್ಟು ಜನರಿಗಿಂತ ಮುಂದಿದ್ದೀರಿ ಎನ್ನುವ ಲೆಕ್ಕ) ತೆಗೆಯುವುದು ತುಂಬಾ ಕಷ್ಟ. ಆದ್ದರಿಂದ ಕ್ರಮ ಯಾವಾಗಲೂ ಒಂದೇ. ಜೆಇಇಯಿಂದ ಸಿಇಟಿಗೆ ಇಳಿಯಬಹುದು, ಸಿಇಟಿಯಿಂದ ಜೆಇಇಗೆ ಕೊನೆ ಗಳಿಗೆಯಲ್ಲಿ ಹತ್ತಲು ಆಗದು. ಫಸ್ಟ್ ಪಿಯುನಲ್ಲಿರುವವರಿಗೆ ನನ್ನ ಸಲಹೆ ಸುಲಭ: ಆಸಕ್ತಿ ಇದ್ದರೆ ಜೆಇಇ ಮಟ್ಟಕ್ಕೇ ಶುರು ಮಾಡಿ. ಬಿಡುವುದಾದರೆ ಆಮೇಲೆ ಬಿಡಬಹುದು.

ಸೆಕೆಂಡ್ ಪಿಯುನಲ್ಲಿ ಇರುವವರು ಮಾತ್ರ ಸ್ವಲ್ಪ ಕಟುವಾಗಿ ಲೆಕ್ಕ ಹಾಕಬೇಕು. ನವೆಂಬರ್ ಕೊನೆಯಲ್ಲಿ ಹಳೆಯ ಜೆಇಇ ಮೇನ್ ಪೇಪರ್ ಒಂದೆರಡನ್ನು ಪೂರ್ತಿ ಮೂರು ಗಂಟೆ ಕೂತು ಬರೆಯಿರಿ. ಫೋನ್ ಬೇರೆ ಕೋಣೆಯಲ್ಲಿರಲಿ. 300ಕ್ಕೆ 100 ದಾಟುತ್ತಿದ್ದರೆ ಜೆಇಇ ಮುಂದಿರಲಿ. 60ರ ಆಸುಪಾಸಿನಲ್ಲಿ ಇದ್ದರೆ ಸಿಇಟಿಯನ್ನು ಮುಂದಕ್ಕೆ ತನ್ನಿ. ಜೆಇಇ ಬರೆಯಿರಿ, ಆದರೆ ಅದಕ್ಕೆಂದೇ ರಾತ್ರಿ ನಿದ್ದೆ ಕೆಡಬೇಡಿ. ಈ ಗೆರೆಗಳು ನನ್ನ ಅಂದಾಜಿನವು, ಯಾವ ನಿಯಮವೂ ಅಲ್ಲ. ಎರಡರ ನಡುವೆ ಇರುವವರು ಜನವರಿ ತನಕ ಕಾಯಿರಿ, ಅದರ ವಿಷಯ ಮುಂದೆ ಬರುತ್ತದೆ.

ಯಾವುದರಿಂದ ಏನು ಸಿಗುತ್ತದೆ ಎನ್ನುವುದನ್ನೂ ತೂಗಿ ನೋಡಬೇಕು. ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡ ಮತ್ತು ರಾಯಚೂರಿನ ಐಐಐಟಿಗಳು ಜೆಇಇ ಮೇನ್ ಮೂಲಕವೇ. ಧಾರವಾಡದ ಐಐಟಿ ಮೇನ್ ಆದ ಮೇಲಿನ ಎರಡನೇ ಹಂತವಾದ ಜೆಇಇ ಅಡ್ವಾನ್ಸ್ಡ್ ಮೂಲಕ. ಸಿಇಟಿ ರ‍್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲುಗಳು ತೆರೆಯುವುದಿಲ್ಲ. ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು. ಇಲ್ಲಿ ಕರ್ನಾಟಕದವರು ಎಂದರೆ ಹನ್ನೆರಡನೇ ತರಗತಿಯನ್ನು ಇಲ್ಲಿ ಪಾಸಾದವರು. ಮಗನನ್ನು ಹೈದರಾಬಾದ್‌ಗೋ ರಾಜಸ್ಥಾನದ ಕೋಟಾಗೋ ಕಳಿಸಿ ಅಲ್ಲೇ ಹನ್ನೆರಡನೇ ಕ್ಲಾಸ್ ಮುಗಿಸಿಸುವ ಅಪ್ಪ ಅಮ್ಮ ಇದನ್ನು ಮೊದಲೇ ತಿಳಿದುಕೊಂಡಿರಬೇಕು. ಅವನು ಆ ರಾಜ್ಯದ ಲೆಕ್ಕಕ್ಕೆ ಹೋಗುತ್ತಾನೆ.

ಇನ್ನೊಂದು ಕಡೆ, ಬೆಂಗಳೂರಿನ ಯುವಿಸಿಇಯಂಥ ಸರ್ಕಾರಿ ಕಾಲೇಜಿಗೆ ದಾರಿ ಸಿಇಟಿ. ಆರ್‌ವಿ, ಬಿಎಂಎಸ್, ರಾಮಯ್ಯದಂಥ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾದ ಸೀಟೂ ಸಿಇಟಿಯಿಂದಲೇ. ಇಂಥ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸಾಕು ಎನ್ನುವ ಮಗುವಿಗೆ ಎರಡು ವರ್ಷ ಜೆಇಇ ಎಂದು ಒತ್ತಡ ಹಾಕುವುದರಲ್ಲಿ ಅರ್ಥವಿಲ್ಲ. ನೆಂಟರ ಮನೆ ಮಕ್ಕಳು ಬರೆಯುತ್ತಿದ್ದಾರೆ ಎನ್ನುವುದು ಕಾರಣವೇ ಅಲ್ಲ.

ಜನವರಿಯಾ, ಏಪ್ರಿಲ್ಲಾ?

2019ರಿಂದ ಜೆಇಇ ಮೇನ್ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ. ಈಗ ಜನವರಿ ಕೊನೆಯ ಭಾಗದಲ್ಲಿ ಒಂದು, ಏಪ್ರಿಲ್ ಮೊದಲ ಭಾಗದಲ್ಲಿ ಒಂದು. ಎರಡರಲ್ಲಿ ಯಾವುದು ಚೆನ್ನಾಗಿ ಬಂದಿದೆಯೋ ಅದೇ ಲೆಕ್ಕಕ್ಕೆ. ಅಂದರೆ ಅಂಕದ ವಿಚಾರದಲ್ಲಿ ಜನವರಿ ಬರೆದು ಕಳೆದುಕೊಳ್ಳುವುದು ಏನೂ ಇಲ್ಲ. ಕಳೆದುಕೊಳ್ಳುವುದು ದಿನಗಳನ್ನು. ಪಿಯು ಪ್ರಾಕ್ಟಿಕಲ್, ರೆಕಾರ್ಡ್ ಸಹಿ, ಪ್ರಿಪರೇಟರಿ ಎಲ್ಲ ಅದೇ ಹೊತ್ತಿಗೆ ಬಂದು ಸೇರುತ್ತವೆ.

ಡಿಸೆಂಬರ್ ಮಧ್ಯಕ್ಕೆ ಎರಡೂ ವರ್ಷದ ಸಿಲೆಬಸ್ ಮುಗಿದಿದ್ದರೆ ಜನವರಿಯನ್ನೇ ನಿಜವಾದ ಪರೀಕ್ಷೆ ಎಂದುಕೊಳ್ಳಿ. ಚೆನ್ನಾಗಿ ಆದರೆ ಫೆಬ್ರವರಿ, ಮಾರ್ಚ್ ಪೂರ್ತಿ ಬೋರ್ಡ್ ಎಕ್ಸಾಂಗೆ ನೆಮ್ಮದಿಯಾಗಿ ಕೊಡಬಹುದು. ಏಪ್ರಿಲ್‌ನದ್ದು ಸಿಕ್ಕರೆ ಲಾಭ, ಅಷ್ಟೇ.

ಸಿಲೆಬಸ್ ಮುಕ್ಕಾಲು ಮುಗಿದವರೂ ಜನವರಿಯಲ್ಲಿ ಬರೆಯಿರಿ, ಆದರೆ ಬಾಕಿ ಪಾಠಗಳ ಹಿಂದೆ ಓಡಬೇಡಿ. ಗೊತ್ತಿರುವುದರಲ್ಲಿ ಎಷ್ಟು ಅಂಕ ಎತ್ತುತ್ತೀರಿ ಎನ್ನುವುದನ್ನು ನೋಡಿ. ಹಾಲ್‌ನ ಕಂಪ್ಯೂಟರ್, ಪಕ್ಕದವರ ಕೀಬೋರ್ಡ್ ಸದ್ದು, ರಫ್ ಶೀಟ್‌ನಿಂದ ಪರದೆಗೆ ಕಣ್ಣು ಹಾಯಿಸುವ ಅಭ್ಯಾಸ, ಇದೆಲ್ಲ ಮನೆಯ ಮಾಕ್ ಟೆಸ್ಟ್‌ನಲ್ಲಿ ಸಿಗದು. ಒಮ್ಮೆ ಆಗಿಬಿಟ್ಟರೆ ಏಪ್ರಿಲ್‌ನಲ್ಲಿ ಅರ್ಧ ಭಯ ಹೋಗಿರುತ್ತದೆ.

ಅರ್ಧವೂ ಮುಗಿಯದವರು? ಅರ್ಜಿ ಹಾಕಿದ್ದರೆ ಹೋಗಿ ಬರೆದು ಬನ್ನಿ, ಹಾಕದಿದ್ದರೆ ಕೊರಗಬೇಡಿ.

ಫಲಿತಾಂಶ ಫೆಬ್ರವರಿಯಲ್ಲಿ ಬರುತ್ತದೆ. ನಾನು ಮೊದಲು ಹೇಳಿದ ಬದಲಾವಣೆಯ ತಿಂಗಳು ಇದೇ. ಜನವರಿಯ ಪರ್ಸೆಂಟೈಲ್ ನಿಮಗೆ ಬೇಕಾದ ಸೀಟಿನ ಹತ್ತಿರ ಇದ್ದರೆ ಏಪ್ರಿಲ್‌ವರೆಗೆ ಜೆಇಇ ಹಿಡಿದುಕೊಂಡಿರಿ. ತುಂಬಾ ದೂರ ಇದ್ದರೆ ಅಂದೇ ಬಿಟ್ಟು ಬೋರ್ಡ್ ಮತ್ತು ಸಿಇಟಿಗೆ ಬನ್ನಿ. ಹೋದ ವರ್ಷದ ಕಟ್‌ಆಫ್‌ಗಳು ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದ ವೆಬ್‌ಸೈಟ್‌ನಲ್ಲಿ ಕಾಲೇಜು, ಬ್ರಾಂಚ್, ಕೋಟಾ ಪ್ರಕಾರ ಸಿಗುತ್ತವೆ. ಅದನ್ನು ನೋಡಿ ನಿರ್ಧರಿಸಿ, ಕೋಚಿಂಗ್ ಸೆಂಟರ್‌ನ ಫ್ಲೆಕ್ಸ್ ನೋಡಿ ಅಲ್ಲ. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ ನಡೆಯುವಾಗ ಜೆಇಇಗೆ ಒಂದು ಗಂಟೆ ಕೊಡುತ್ತೇನೆ ಎನ್ನುವವರನ್ನು ನೋಡಿದ್ದೇನೆ. ಆ ಒಂದು ಗಂಟೆ ಎರಡು ಕಡೆಗೂ ಉಪಯೋಗಕ್ಕೆ ಬರುವುದಿಲ್ಲ.

ಪಿಯು ಅಂಕ ಎಷ್ಟು ಮುಖ್ಯ?

ಇಲ್ಲಿ ಎರಡು ಪರೀಕ್ಷೆಗಳು ಪೂರ್ತಿ ಬೇರೆ. ಜೆಇಇ ರ‍್ಯಾಂಕಿಗೆ 2017ರಿಂದ ಹನ್ನೆರಡನೇ ತರಗತಿಯ ಅಂಕ ಸೇರುವುದಿಲ್ಲ. ಎನ್‌ಐಟಿ ಸೀಟಿಗೆ ಶೇ 75 ಇರಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇ 20ರೊಳಗೆ ಇರಬೇಕು ಎನ್ನುವ ಅರ್ಹತೆ ಅಷ್ಟೇ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಅದು ಶೇ 65.

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ. ಪಿಯುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300. ಸಿಇಟಿಯಲ್ಲಿ ಮೂರೂ ಸೇರಿ 180. ಎರಡಕ್ಕೂ ಸಮಪಾಲು. ಹಾಗಾಗಿ ಸಿಇಟಿಯ 3 ಅಂಕ ಪಿಯುವಿನ 5 ಅಂಕಕ್ಕೆ ಸಮ. ಒಂದು ಉದಾಹರಣೆ. ಪಿಯುವಿನಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 120 ತೆಗೆದವರ ಒಟ್ಟು ಲೆಕ್ಕ 73.33. ಅವರು ಪಿಯುವಿನಲ್ಲಿ 30 ಅಂಕ ಜಾಸ್ತಿ ತೆಗೆದಿದ್ದರೆ 78.33 ಆಗುತ್ತಿತ್ತು. ಸಿಇಟಿಯಲ್ಲಿ ಬರೀ 18 ಜಾಸ್ತಿ ಬಂದಿದ್ದರೂ ಅಷ್ಟೇ ಆಗುತ್ತಿತ್ತು.

ಹಾಗಾದರೆ ಎಲ್ಲಿ ಕಷ್ಟಪಡುವುದು ಲಾಭ? ನೀವು ಈಗ ಎಲ್ಲಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಪ್ರಿಪರೇಟರಿಯಲ್ಲಿ 75, 80 ಬರುತ್ತಿದ್ದರೆ ಬೋರ್ಡ್ ಎಕ್ಸಾಂನಲ್ಲಿ ಅಂಕ ಎತ್ತುವುದು ಸುಲಭ. ಪ್ರಶ್ನೆಗಳು ಹೀಗೇ ಬರುತ್ತವೆ ಎಂದು ಹೆಚ್ಚು ಕಡಿಮೆ ಗೊತ್ತಿರುತ್ತದೆ. ಡೆರಿವೇಷನ್‌ಗಳು ಗೊತ್ತು, ಪ್ರಾಕ್ಟಿಕಲ್ ಅಂಕ ಕೈಯಲ್ಲಿದೆ. ಆದರೆ ಈಗಾಗಲೇ 95ರ ಹತ್ತಿರ ಇರುವವರು ಇನ್ನೆರಡು ಅಂಕಕ್ಕೆ ತಿಂಗಳು ಕಳೆಯುವುದು ದಂಡ. ಮೇಲಿನ ಸಾಲಿನ ಮಕ್ಕಳ ಪಿಯು ಅಂಕಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಅವರನ್ನು ಬೇರೆ ಬೇರೆ ಮಾಡುವುದು ಸಿಇಟಿ.

2024ರಿಂದ ಪಿಯುವಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದರಲ್ಲಿ ಒಂದು ವಿಷಯ ಕೈಕೊಟ್ಟರೆ ಎರಡನೆಯದರಲ್ಲಿ ಅದನ್ನು ಸುಧಾರಿಸಿಕೊಳ್ಳಬಹುದು. ಎರಡನೆಯದು ಸಾಮಾನ್ಯವಾಗಿ ಸಿಇಟಿ ಮುಗಿದ ಮೇಲೆ. ರ‍್ಯಾಂಕಿಗೆ ಯಾವ ಅಂಕ ಪರಿಗಣಿಸುತ್ತಾರೆ ಎನ್ನುವುದನ್ನು ಸಿಇಟಿ ನಡೆಸುವ ಕೆಇಎಯ ಆ ವರ್ಷದ ಪ್ರಕಟಣೆಯಲ್ಲಿ ಓದಿಯೇ ಫೀಸು ಕಟ್ಟಿ. ಮೂರು ಅಂಕಕ್ಕೆಂದು ಬರೆಯಬೇಡಿ, ಹದಿನೈದು ಇಪ್ಪತ್ತು ಅಂಕ ಏರುವ ಭರವಸೆ ಇದ್ದರೆ ಬರೆಯಿರಿ.

ಕಾಮೆಡ್-ಕೆ ಯಾರಿಗೆ?

ಮೇ ತಿಂಗಳಲ್ಲಿ ನಡೆಯುವ ಇದಕ್ಕೆ ಬೇರೆ ತಯಾರಿ ಬೇಕಿಲ್ಲ. ಸಿಇಟಿಗೆ ಓದಿದ್ದು ಸಾಕು, ವೇಗ ಸ್ವಲ್ಪ ಹೆಚ್ಚಿಸಿಕೊಂಡು ಕಂಪ್ಯೂಟರ್‌ನಲ್ಲಿ ನಾಲ್ಕೈದು ಮಾಕ್ ಟೆಸ್ಟ್ ಬರೆದರೆ ಆಯಿತು. ಇದರ ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ. ಶೇ 45 ಇದ್ದರೆ ಅರ್ಹತೆ ಬಂತು, ಮೀಸಲು ವರ್ಗದವರಿಗೆ ಶೇ 40. ಬೋರ್ಡ್ ಎಕ್ಸಾಂನಲ್ಲಿ ಎಡವಿದ ಜಾಣ ಮಕ್ಕಳಿಗೆ ಇದು ಒಳ್ಳೆಯ ಎರಡನೇ ದಾರಿ.

ತೊಂದರೆ ದುಡ್ಡಿನದು. ಅದೇ ಕಾಲೇಜು, ಅದೇ ಕ್ಲಾಸ್ ರೂಮ್, ಅದೇ ಲೆಕ್ಚರರ್. ಸಿಇಟಿಯಿಂದ ಬಂದವರ ಫೀಸಿಗಿಂತ ಕಾಮೆಡ್-ಕೆಯಿಂದ ಬಂದವರ ಫೀಸು ಬಹಳ ಜಾಸ್ತಿ. ಸ್ಪರ್ಧೆಗೆ ಬೇರೆ ರಾಜ್ಯದವರೂ ಇರುತ್ತಾರೆ. ನಾಲ್ಕು ವರ್ಷದ ಒಟ್ಟು ಫೀಸನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಕಟ್ಟಲು ಆಗದು ಎಂದಾದರೆ ಅರ್ಜಿಯ ದುಡ್ಡನ್ನೂ ಉಳಿಸಿಕೊಳ್ಳಿ. ಸುಮ್ನೆ ಒಂದು ಸೀಟು ಕೈಯಲ್ಲಿರಲಿ ಎಂದು ಬರೆಯುವವರು ಕೊನೆಗೆ ಸಾಲದ ಮಾತಿಗೆ ಬಂದು ನಿಲ್ಲುತ್ತಾರೆ.

ನೀಟ್ ಬರೆಯುವವರು ಸಿಇಟಿ ಬಿಡಬಹುದಾ?

ಬಿಡಬೇಡಿ. ವೈದ್ಯಕೀಯ ಸೀಟಿಗೆ ಬರೆಯುವ ನೀಟ್ ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ಮೇ ಮೊದಲ ಭಾನುವಾರ. 180 ಪ್ರಶ್ನೆ, 180 ನಿಮಿಷ, 720 ಅಂಕ. ಅರ್ಧ ಬಯಾಲಜಿಯೇ. 2025ರಿಂದ ಆಯ್ಕೆಯ ಪ್ರಶ್ನೆಗಳೂ ಇಲ್ಲ, ಹೆಚ್ಚುವರಿ ಇಪ್ಪತ್ತು ನಿಮಿಷವೂ ಇಲ್ಲ. ಒಂದು ದಿನ ಜ್ವರ ಬಂದರೆ ವರ್ಷವೇ ಹೋಯಿತು ಅಲ್ವಾ? ಅದಕ್ಕೇ ಏಪ್ರಿಲ್‌ನ ಸಿಇಟಿ ಬೇಕು. ಬಿಎಸ್ಸಿ ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಎಲ್ಲಕ್ಕೂ ಅದೇ ದಾರಿ. ನೀಟ್‌ಗೆ ಓದುತ್ತಿರುವವರಿಗೆ ಸಿಇಟಿಗೆಂದು ಬೇರೆ ಓದು ಬೇಡ. ಓಎಂಆರ್ ಹಾಳೆಯಲ್ಲಿ ಬರೆಯುವ ಅಭ್ಯಾಸವೂ ನೀಟ್‌ಗೆ ಹಾಗೆಯೇ ಉಪಯೋಗಕ್ಕೆ ಬರುತ್ತದೆ.

ಈ ವರ್ಷ ಸೇರುವುದಾ, ಲಾಂಗ್ ಟರ್ಮ್ ಹೋಗುವುದಾ?

ಲಾಂಗ್ ಟರ್ಮ್ ಎಂದರೆ ಒಂದು ವರ್ಷ ಬಿಟ್ಟು, ಓದಿ ಮತ್ತೆ ಬರೆಯುವುದು. ಫಲಿತಾಂಶ ಬಂದ ವಾರ ಈ ಮಾತು ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಬೇಸರ ಇರುವ ಹೊತ್ತು, ನಿರ್ಧಾರಕ್ಕೆ ಒಳ್ಳೆಯ ಹೊತ್ತಲ್ಲ. ಎರಡು ವಾರ ಬಿಟ್ಟು ಮಾತಾಡಿ. ಆಗ ಮೊದಲು ಕೇಳಬೇಕಾದ್ದು ಇದು: ಯಾವ ಪರೀಕ್ಷೆಗಾಗಿ ಒಂದು ವರ್ಷ?

ನೀಟ್‌ಗಾದರೆ ಮುಂದಿನ ವರ್ಷದ ರ‍್ಯಾಂಕು ಪೂರ್ತಿ ಹೊಸದು. ಹಳೆಯ ಅಂಕ ಹಿಂಬಾಲಿಸುವುದಿಲ್ಲ. ಎಷ್ಟು ಸಲ ಬರೆಯಬಹುದು ಎನ್ನುವ ಮಿತಿಯೂ ಇಲ್ಲ. ಒಂದು ವರ್ಷ ಕೊಡುವುದಕ್ಕೆ ಅರ್ಥವಿದೆ. ಜೆಇಇ ಮೇನ್‌ನಲ್ಲೂ ರ‍್ಯಾಂಕು ಹೊಸದು, ಮೂರು ವರ್ಷದವರೆಗೆ ಬರೆಯಬಹುದು. ಆದರೆ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷದಲ್ಲಿ ಎರಡೇ ಅವಕಾಶ. ಐಐಟಿಗಾಗಿ ವರ್ಷ ಬಿಡುವವರಿಗೆ ಉಳಿದಿರುವುದು ಒಂದೇ ಸಲ.

ಸಿಇಟಿಗಾಗಿ ಮಾತ್ರ ವರ್ಷ ಬಿಡುವುದು ನನಗೆ ಸರಿ ಕಾಣುವುದಿಲ್ಲ. ರ‍್ಯಾಂಕಿನ ಅರ್ಧ ಭಾಗ ಪಿಯು ಅಂಕ. ಅದು ಹಾಗೇ ಕೂತಿರುತ್ತದೆ. ನೀವು ವರ್ಷವಿಡೀ ಓದಿ ಎತ್ತುವುದು ಉಳಿದ ಅರ್ಧವನ್ನು. ಪಿಯು ಅಂಕವೇ ಕಡಿಮೆ ಇರುವವರಿಗೆ ಇದು ಇನ್ನೂ ನಷ್ಟ. ಅಂಥವರು ಸಿಕ್ಕ ಕಾಲೇಜಿಗೆ ಸೇರಿ ಚೆನ್ನಾಗಿ ಓದುವುದು ಮೇಲು. ಇಲ್ಲವೇ ಕಾಮೆಡ್-ಕೆ ನೋಡಬಹುದು.

ಇನ್ನೊಂದು ಪ್ರಶ್ನೆ ಮಗುವನ್ನೇ ಕೇಳಿ. ಈ ಸಲ ಎಲ್ಲಿ ಹೋಯಿತು? ಸಿಲೆಬಸ್ ಮುಗಿದಿರಲಿಲ್ಲ, ಫಸ್ಟ್ ಪಿಯು ಪಾಠ ಮುಟ್ಟಿರಲೇ ಇಲ್ಲ ಎಂದರೆ ಒಂದು ವರ್ಷದಲ್ಲಿ ಸರಿಯಾಗುವ ವಿಷಯ. ಎಲ್ಲ ಓದಿದ್ದೆ, ಮಾಕ್ ಟೆಸ್ಟ್‌ಗಳಲ್ಲೂ ಇಷ್ಟೇ ಬರುತ್ತಿತ್ತು ಎಂದರೆ ಇನ್ನೊಂದು ವರ್ಷ ಅದನ್ನೇ ಓದಿಸಿ ಏನು ಸಿಗುತ್ತದೆ? ಮಗುವಿಗೇ ಇಷ್ಟವಿಲ್ಲ, ಅಪ್ಪನಿಗೆ ಮಾತ್ರ ಆಸೆ ಎಂದಿದ್ದರೆ ಅಲ್ಲಿಗೇ ಮುಗಿಸಿ.

ಕೋಚಿಂಗ್ ವಿಷಯ, ಚಿಕ್ಕದಾಗಿ

ಕಾಲೇಜಿನೊಳಗೇ ಕೋಚಿಂಗ್ ಇರುವ ಕಡೆ ಓಡಾಟ ಉಳಿಯುತ್ತದೆ, ವೇಗ ಮಾತ್ರ ಅವರದು. ಹಿಂದೆ ಬಿದ್ದರೆ ಯಾರೂ ಕಾಯುವುದಿಲ್ಲ. ಬೇರೆ ಕೋಚಿಂಗ್ ಸೆಂಟರ್‌ಗೆ ಸಂಜೆ ಹೋಗುವವರು ಬಸ್ಸಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಿ. ದಿನಕ್ಕೆ ಎರಡು ಗಂಟೆ ಪ್ರಯಾಣ ಎಂದರೆ ಸ್ವಂತ ಓದಿಗೆ ಏನೂ ಉಳಿಯದು. ಆನ್‌ಲೈನ್ ಅಗ್ಗ, ಆದರೆ ಫೋನ್ ಕೈಯಲ್ಲೇ ಇರುತ್ತದೆ. ಸಿಇಟಿ ಮಾತ್ರ ಗುರಿಯಾದರೆ ಒಳ್ಳೆಯ ಲೆಕ್ಚರರ್ ಇರುವ ಸಾಮಾನ್ಯ ಕಾಲೇಜು, ಎನ್‌ಸಿಇಆರ್‌ಟಿ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳು ಸಾಕು ಎನ್ನುವುದು ನನ್ನ ಅಭಿಪ್ರಾಯ. ಜೆಇಇ, ನೀಟ್‌ಗೆ ಐಐಟಿ ಕಾನ್ಪುರ ಮತ್ತು ಕೇಂದ್ರ ಶಿಕ್ಷಣ ಸಚಿವಾಲಯ ನಡೆಸುವ ಸಾಥಿ ಎಂಬ ಜಾಲತಾಣ ಉಚಿತ. ದುಡ್ಡು ಕಟ್ಟುವ ಮುಂಚೆ ಅದನ್ನು ಒಂದು ತಿಂಗಳು ಉಪಯೋಗಿಸಿ ನೋಡಿ.

ಪಿಯು ಮುಗಿದ ದಿನದಿಂದ ಸಿಇಟಿವರೆಗೆ

ಮಾರ್ಚ್‌ನಲ್ಲಿ ಪಿಯು ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಸಿಗುವುದು ಕೆಲವೇ ವಾರ. ಜೆಇಇ ಏಪ್ರಿಲ್ ಬರೆಯುವವರಿಗೆ ಅದರ ನಡುವೆ ಆ ಪರೀಕ್ಷೆಯೂ ಬರುತ್ತದೆ. ಅವರು ಜೆಇಇ ಮುಗಿದ ಮಾರನೇ ದಿನವೇ ಕೈ ಬದಲಿಸಬೇಕು. ಹೊಸದೇನೂ ಓದುವುದು ಬೇಡ, ವೇಗದ ಅಭ್ಯಾಸ ಮಾತ್ರ.

ಮೊದಲ ವಾರ ಫಸ್ಟ್ ಪಿಯು ಪಾಠಗಳಿಗೆ. ವರ್ಷಪೂರ್ತಿ ಬೋರ್ಡ್ ಎಕ್ಸಾಂ ಎಂದು ಅವನ್ನು ಮೂಲೆಗೆ ಹಾಕಿರುತ್ತೇವೆ, ಸಿಇಟಿಯಲ್ಲಿ ಅವೂ ಬರುತ್ತವೆ. ಆಮೇಲೆ ದಿನಕ್ಕೆ ಎರಡು ಪೇಪರ್, ಒಂದೊಂದು 80 ನಿಮಿಷ. ಒಂದನ್ನು ಬೆಳಿಗ್ಗೆ 10.30ಕ್ಕೆ ಬರೆಯಿರಿ, ಇನ್ನೊಂದನ್ನು ಮಧ್ಯಾಹ್ನ 2.30ಕ್ಕೆ. ನಿಜವಾದ ಪರೀಕ್ಷೆಯೂ ಅದೇ ಹೊತ್ತಿಗೆ. ಊಟ ಆದ ಮೇಲೆ ಏಪ್ರಿಲ್ ಸೆಕೆಯಲ್ಲಿ ತಲೆ ಎಷ್ಟು ನಿಧಾನವಾಗುತ್ತದೆ ಎನ್ನುವುದು ಆಗ ಗೊತ್ತಾಗುತ್ತದೆ. ಮಧ್ಯಾಹ್ನದ ಪೇಪರಿನಲ್ಲಿ ಯಾವಾಗಲೂ ಐದಾರು ಅಂಕ ಕಡಿಮೆ ಬರುತ್ತಿದ್ದರೆ ಊಟ ಹಗುರ ಮಾಡಿ, ಬೆಳಿಗ್ಗೆ ಬೇಗ ಏಳುವುದನ್ನು ಸ್ವಲ್ಪ ಬಿಡಿ. ಉತ್ತರಗಳನ್ನು ಪುಸ್ತಕದಲ್ಲಿ ಟಿಕ್ ಮಾಡಬೇಡಿ. ಓಎಂಆರ್ ಹಾಳೆಯ ಪ್ರಿಂಟ್ ತೆಗೆದು ಬಾಲ್ ಪೆನ್ನಿನಲ್ಲಿ ಗೋಲ ತುಂಬಿ. ಅರವತ್ತು ಗೋಲ ತುಂಬಲು ಎಷ್ಟು ನಿಮಿಷ ಹೋಗುತ್ತದೆ ಎನ್ನುವುದನ್ನು ಮಕ್ಕಳು ಲೆಕ್ಕವೇ ಹಾಕಿರುವುದಿಲ್ಲ.

ಹಾಲ್‌ನಲ್ಲಿ ಮೂರು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳು ಮಾತ್ರ. ಎರಡನೆಯದರಲ್ಲಿ ಸ್ವಲ್ಪ ಲೆಕ್ಕ ಬೇಡುವವು. ಮೂರನೆಯದು ಉಳಿದದ್ದಕ್ಕೆ. ಗೋಲಗಳನ್ನು ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದು ಇಟ್ಟುಕೊಳ್ಳಬೇಡಿ, ಪುಟ ಮುಗಿದ ಹಾಗೇ ತುಂಬಿ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಅನ್ನು ಮೊದಲೇ ಬರೆದುಬಿಡಿ. ಕೊನೆಯ ಐದು ನಿಮಿಷದಲ್ಲಿ ಖಾಲಿ ಇರುವ ಎಲ್ಲ ಗೋಲವನ್ನೂ ಏನಾದರೂ ಹಾಕಿ ತುಂಬಿ. ನೆಗೆಟಿವ್ ಇಲ್ಲದ ಪರೀಕ್ಷೆಯಲ್ಲಿ ಖಾಲಿ ಬಿಡುವುದು ಅಂಕವನ್ನು ಬಿಟ್ಟಂತೆ.

2024ರ ಸಿಇಟಿಯಲ್ಲಿ ಸಿಲೆಬಸ್‌ನಿಂದ ಕೈಬಿಟ್ಟ ಭಾಗಗಳಿಂದಲೂ ಪ್ರಶ್ನೆ ಬಂದಿದ್ದವು. ದೊಡ್ಡ ಗಲಾಟೆಯಾಗಿ ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಪ್ರಶ್ನೆ ತೆಗೆದರು, ಅದರ ಮೇಲೆ ಕಳೆದ ನಿಮಿಷ ವಾಪಸ್ ಬರಲಿಲ್ಲ. ಅಂಥ ಪ್ರಶ್ನೆ ಕಂಡರೆ ಬೈಯುತ್ತಾ ಕೂರದೆ ಒಂದು ಗೋಲ ತುಂಬಿ ಮುಂದೆ ಹೋದವರಿಗೆ ಲಾಭವಾಯಿತು.

ಜೆಇಇಯಲ್ಲಿ ಊಹೆಯ ಲೆಕ್ಕ ಬೇರೆ. ಮೈನಸ್ 1 ಎಂದು ಹೆದರಿ ಮಕ್ಕಳು ಬೇಕಾದ್ದಕ್ಕಿಂತ ಜಾಸ್ತಿ ಬಿಡುತ್ತಾರೆ. ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ಅಲ್ಲ ಎಂದು ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಹಾಕಿದಾಗ ಸರಾಸರಿ ಒಂದೂವರೆ ಅಂಕ ಲಾಭ. ಒಂದೇ ಉತ್ತರವನ್ನು ತಳ್ಳಿಹಾಕಿದರೂ ಸರಾಸರಿ ಮುಕ್ಕಾಲಿಗೆ ಹತ್ತಿರ ಸಿಗುತ್ತದೆ. ಸಂಖ್ಯೆ ಟೈಪ್ ಮಾಡುವ ಪ್ರಶ್ನೆಗೆ ಇದು ನಡೆಯುವುದಿಲ್ಲ. ಅಲ್ಲೂ ಮೈನಸ್ ಇದೆ, ಊಹೆ ಸರಿಹೋಗುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನಬಹುದು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಜೆಇಇ ಮೇನ್, ನೀಟ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಅರ್ಜಿ ತುಂಬುವಾಗಲೇ ಆರಿಸಬೇಕು. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲಷ್ಟೇ. ಐಐಟಿ ಗುರಿ ಇರುವವರು ಮೇನ್ ಅನ್ನೂ ಇಂಗ್ಲಿಷ್‌ನಲ್ಲೇ ಬರೆದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಕಾಗದಪತ್ರ

ಸಿಇಟಿ ಅರ್ಜಿ ತುಂಬುವಾಗ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಅದರಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿನ ಜೊತೆ ಹೊಂದದಿದ್ದರೆ ತಲೆನೋವು. ಡಿಸೆಂಬರ್ ರಜೆಯಲ್ಲೇ ನಾಡಕಚೇರಿಗೆ ಹೋಗಿ ಸರಿ ಮಾಡಿಸಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಗೆಂದು 371ಜೆ ಪ್ರಮಾಣಪತ್ರ ಬೇರೆ. ಇವನ್ನು ಅರ್ಜಿಯಲ್ಲಿ ಕೇಳದೇ ಬಿಟ್ಟು ಆಮೇಲೆ ಕಚೇರಿಗೆ ಅಲೆಯುವವರು ಪ್ರತಿ ವರ್ಷ ಇರುತ್ತಾರೆ.

ಜೆಇಇಗೆ ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಮೊದಲು ಅದನ್ನು ನೋಡಿ. ಕೌನ್ಸೆಲಿಂಗ್‌ಗೆ ಕೊಡುವ ಪ್ರಮಾಣಪತ್ರ ಆ ವರ್ಷದ ಏಪ್ರಿಲ್ 1ರ ನಂತರದ ದಿನಾಂಕದ್ದಾಗಿರಬೇಕು. ಆದ್ದರಿಂದ ಜನವರಿಯಲ್ಲೇ ಮಾಡಿಸಿಟ್ಟಿದ್ದರೂ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅರ್ಜಿ ಹಾಕಬೇಕಾಗುತ್ತದೆ. ಮಕ್ಕಳು ಆಗ ಸಿಇಟಿ ಪೇಪರ್ ಬಿಡಿಸುತ್ತಾ ಕೂತಿರುತ್ತಾರೆ, ಈ ಓಡಾಟವನ್ನು ಮನೆಯ ಬೇರೆ ಯಾರಾದರೂ ವಹಿಸಿಕೊಳ್ಳಲಿ.